ಹೆಡ್‌ಫೋನಿನಲ್ಲಿ ಹಿಂದೆ ಬೀಳುವ ದನಿ: ಮನೆಯ ರೆಕಾರ್ಡಿಂಗ್ ಮತ್ತು ಲೇಟೆನ್ಸಿ

(ಮನೆಯಲ್ಲೇ ಹಾಡು ಮುದ್ರಿಸಿಕೊಳ್ಳುವ ಗಾಯಕರು ಮತ್ತು ವಾದಕರಿಗಾಗಿ ಚಿಕ್ಕಬಳ್ಳಾಪುರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

“ನಾನು ತಾಳಕ್ಕೆ ಸರಿಯಾಗಿಯೇ ಹಾಡುತ್ತೇನೆ, ಆದರೆ ಹೆಡ್‌ಫೋನಿನಲ್ಲಿ ನನ್ನ ದನಿ ಒಂದು ಕೂದಲೆಳೆಯಷ್ಟು ಹಿಂದೆ ಬರುತ್ತದೆ. ಯಾವ ಇಂಟರ್‌ಫೇಸ್ ಕೊಂಡರೆ ಇದು ಸರಿಹೋಗುತ್ತದೆ?” ನಮ್ಮ ಜಿಲ್ಲೆಯಲ್ಲಿ ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿರುವ ಯಾರನ್ನು ಭೇಟಿಯಾದರೂ ಮೊದಲು ಬರುವ ಪ್ರಶ್ನೆ ಇದು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯೇ ಇಂಟರ್‌ಫೇಸ್. ಕೇಳುವವರಲ್ಲಿ ಕೈವಾರ ತಾತಯ್ಯನವರ ತತ್ವಪದಗಳನ್ನು ಹಾಡುವವರಿದ್ದಾರೆ, ಭಜನಾ ಮಂಡಳಿಗಳಿಗೆ ಹಾರ್ಮೋನಿಯಂ ನುಡಿಸುವವರಿದ್ದಾರೆ, ಕೀಬೋರ್ಡಿನಲ್ಲೇ ಇಡೀ ಹಿನ್ನೆಲೆ ಸಂಗೀತ ಕಟ್ಟುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಅವರೆಲ್ಲರೂ ಹೊಸ ಉಪಕರಣಕ್ಕೆ ಹಣ ಹಾಕುವ ಮೊದಲು ಒಂದು ಮಾತನ್ನು ತಿಳಿದುಕೊಳ್ಳಬೇಕೆಂಬುದು ನನ್ನ ಆಸೆ, ಇಂದಿನ ಉಪನ್ಯಾಸವೆಲ್ಲ ಆ ಒಂದು ಮಾತಿನ ವಿಸ್ತರಣೆಯೇ.

ನಾವು ಲೇಟೆನ್ಸಿ ಎಂದು ಒಂದೇ ಹೆಸರಿನಿಂದ ಕರೆಯುವ ತೊಂದರೆಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಹಾಡುತ್ತಿರುವಾಗಲೇ ನಿಮ್ಮ ದನಿ ನಿಮ್ಮ ಕಿವಿಗೆ ತಡವಾಗಿ ತಲುಪುವುದು ಒಂದು. ಹಾಡಿ ಮುಗಿಸಿದ ಮೇಲೆ, ಮುದ್ರಣವಾದ ದನಿ ಉಳಿದ ಟ್ರ್ಯಾಕುಗಳ, ಅಂದರೆ ಬೇರೆ ಬೇರೆಯಾಗಿ ಮುದ್ರಿಸಿದ ಪದರಗಳ, ಪಕ್ಕದಲ್ಲಿ ತನ್ನ ಸರಿಯಾದ ಜಾಗಕ್ಕಿಂತ ಆಚೆ ಕೂರುವುದು ಇನ್ನೊಂದು. ಮೊದಲನೆಯದಕ್ಕೆ ಮದ್ದು, ದನಿ ಕಿವಿಗೆ ಬರುವ ದಾರಿಯನ್ನು ಬದಲಿಸುವುದು. ಎರಡನೆಯದಕ್ಕೆ ಮದ್ದು, ಅಳತೆ ಮಾಡಿ ತಿದ್ದುವುದು. ಇವೆರಡನ್ನೂ ಬೆರೆಸಿಕೊಂಡವರು ಸಾವಿರಾರು ರೂಪಾಯಿಯ ಇಂಟರ್‌ಫೇಸ್ ಬದಲಾಯಿಸಿದ ಮೇಲೂ ಅದೇ ಜಾಗದಲ್ಲಿ ನಿಂತಿರುತ್ತಾರೆ.

ತಡ ಎಂದರೆ ಎಷ್ಟು ತಡ ಎಂಬ ಅಂದಾಜು ಮೊದಲು ಬೇಕು. ಸುಮಾರು 20 ಡಿಗ್ರಿ ಉಷ್ಣಾಂಶದ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ, ಅಂದರೆ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್. ಒಂದು ಮೀಟರ್ ದೂರದ ಸ್ಪೀಕರಿನಿಂದ ದನಿ ನಿಮ್ಮನ್ನು ತಲುಪಲು ಹತ್ತಿರ ಹತ್ತಿರ 3 ಮಿಲಿಸೆಕೆಂಡ್ ಬೇಕು. ನಮ್ಮ ಊರುಗಳ ತಮಟೆಯ ತಂಡವನ್ನು ನೆನಪಿಸಿಕೊಳ್ಳಿ. 2023ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರು ಇದೇ ಜಿಲ್ಲೆಯವರು, ಹಾಗಾಗಿ ಈ ವಾದ್ಯದ ಉದಾಹರಣೆ ಕೊಡುವಾಗ ನನಗೆ ವಿಶೇಷ ಸಂತೋಷ. ತಂಡದವರು ಅರ್ಧ ವೃತ್ತದಲ್ಲಿ ನಿಂತು ನುಡಿಸುವಾಗ ಒಂದು ತುದಿಯವನಿಗೂ ಇನ್ನೊಂದು ತುದಿಯವನಿಗೂ ನಾಲ್ಕು ಮೀಟರ್ ಅಂತರವಿದ್ದರೆ, ಒಬ್ಬನ ಪೆಟ್ಟು ಇನ್ನೊಬ್ಬನಿಗೆ ಕೇಳುವುದು ಸುಮಾರು 12 ಮಿಲಿಸೆಕೆಂಡ್ ಕಳೆದ ಮೇಲೆ. ಆದರೂ ಅವರ ಪೆಟ್ಟುಗಳು ಒಂದಾಗಿಯೇ ಬೀಳುತ್ತವೆ. ಆದ್ದರಿಂದ ಹತ್ತು ಹನ್ನೆರಡು ಮಿಲಿಸೆಕೆಂಡ್ ಎಂಬ ಅಂಕಿಯನ್ನು ಕಂಡ ಕೂಡಲೇ ಹೆದರಬೇಕಾಗಿಲ್ಲ. ಇನ್ನೊಬ್ಬರ ದನಿ ಅಷ್ಟು ತಡವಾಗಿ ಬಂದರೆ ಮನುಷ್ಯನ ಕಿವಿ ಅದನ್ನು ದೂರವೆಂದು ತಿಳಿದು ಒಪ್ಪಿಕೊಳ್ಳುತ್ತದೆ.

ಆದರೆ ನಿಮ್ಮದೇ ದನಿಯ ವಿಷಯಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ, ಈ ಭಾಗವನ್ನು ಗಾಯಕರು ದಯವಿಟ್ಟು ಗಮನವಿಟ್ಟು ಕೇಳಬೇಕು. ಹಾಡುವಾಗ ನಿಮ್ಮ ದನಿ ಎರಡು ದಾರಿಯಲ್ಲಿ ನಿಮ್ಮನ್ನು ತಲುಪುತ್ತದೆ: ತಲೆಬುರುಡೆಯ ಮೂಳೆಗಳ ಮೂಲಕ ತಕ್ಷಣ, ಹೆಡ್‌ಫೋನಿನ ಮೂಲಕ ತಡವಾಗಿ. ಒಂದೇ ದನಿಯ ಎರಡು ಪ್ರತಿಗಳು ಸ್ವಲ್ಪ ಅಂತರದಲ್ಲಿ ಬೆರೆತಾಗ ಕೆಲವು ಕಂಪನಾಂಕಗಳು ಒಂದನ್ನೊಂದು ಕಡಿದುಹಾಕುತ್ತವೆ. ತಡ 1 ಮಿಲಿಸೆಕೆಂಡ್ ಆದರೆ ಮೊದಲು ಕುಗ್ಗುವುದು 500 ಹರ್ಟ್ಸ್, ಆಮೇಲೆ 1500, 2500. ತಡ 2 ಮಿಲಿಸೆಕೆಂಡ್ ಆದರೆ 250, 750, 1250. ತಡ 5 ಮಿಲಿಸೆಕೆಂಡ್ ಆದರೆ 100, 300, 500. ಇವೆಲ್ಲ ಮನುಷ್ಯನ ಕಂಠದ ಮುಖ್ಯ ಭಾಗವೇ. ಅದರಿಂದಾಗಿ ದನಿ ತಡವಾಗಿ ಬಂದಿತೆಂದು ಕಿವಿಗೆ ಗೊತ್ತಾಗುವುದಕ್ಕಿಂತ ಮೊದಲೇ ಅದು ತೆಳ್ಳಗಾಗಿ ಪೊಳ್ಳಾಗಿ ಕೇಳಿಸತೊಡಗುತ್ತದೆ. ಗಾಯಕನಿಗೆ ತನ್ನ ಶ್ರುತಿಯ ಮೇಲೆ ಅನುಮಾನ ಬರುತ್ತದೆ, ಆತ ಬಲ ಹಾಕಿ ಹಾಡಲು ಶುರು ಮಾಡುತ್ತಾನೆ, ಮೇಲಿನ ಷಡ್ಜದಲ್ಲಿ ಗಂಟಲು ಬಿಗಿಯುತ್ತದೆ. ಕೇಳುವವರು ಹಾಡುಗಾರನಿಗೆ ಅಭ್ಯಾಸ ಸಾಲದೆಂದುಕೊಳ್ಳುತ್ತಾರೆ. ತುಂಬ ಒಳ್ಳೆಯ ದನಿಯ ಹುಡುಗಿಯರು ಈ ಕಾರಣಕ್ಕೆ ರೆಕಾರ್ಡಿಂಗ್ ಎಂದರೆ ಹಿಂಜರಿಯುವುದನ್ನು ನಾನು ಕಂಡಿದ್ದೇನೆ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ತಡ ಇನ್ನೂ ಬೆಳೆದರೆ ಪರಿಣಾಮ ಬೇರೆ ಬಗೆಯದು. ಮಾತಾಡುವವನ ದನಿಯನ್ನು ಅವನಿಗೇ ತಡಮಾಡಿ ಕೇಳಿಸಿದರೆ ಏನಾಗುತ್ತದೆಂದು ಬರ್ನಾರ್ಡ್ ಲೀ ಎಂಬುವರು 1950ರಲ್ಲಿ ವರದಿ ಮಾಡಿದರು. ಸೆಕೆಂಡಿನ ಐದನೇ ಒಂದು ಭಾಗದಷ್ಟು, ಅಂದರೆ 200 ಮಿಲಿಸೆಕೆಂಡ್ ಆಸುಪಾಸಿನ ತಡದಲ್ಲಿ ಮಾತು ಅತಿ ಹೆಚ್ಚು ಕೆಡುತ್ತದೆ: ನಾಲಿಗೆ ತೊದಲುತ್ತದೆ, ಅಕ್ಷರಗಳು ಮರುಕಳಿಸುತ್ತವೆ. ಈ 200 ಎಂಬ ಅಂಕಿಯನ್ನು ನೆನಪಿನಲ್ಲಿಡಿ, ಬ್ಲೂಟೂತ್ ವಿಷಯ ಬಂದಾಗ ಇದು ಬೇಕಾಗುತ್ತದೆ.

ತಾಳವಾದ್ಯದವರ ಕಷ್ಟ ಇನ್ನೊಂದು ರೀತಿಯದು. ತಮಟೆಯ ಪೆಟ್ಟು ಎಷ್ಟು ಗಟ್ಟಿಯೆಂದರೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡರೂ ಅದು ನೇರವಾಗಿ ಒಳಗೆ ಬರುತ್ತದೆ, ಅದರ ಹಿಂದೆಯೇ ಹೆಡ್‌ಫೋನಿನ ಪೆಟ್ಟು ಬರುತ್ತದೆ. ಹಾಡಿನ ದೀರ್ಘ ಸ್ವರದಲ್ಲಿ ಎರಡು ಪ್ರತಿಗಳು ಬೆರೆತು ಹೋಗುತ್ತವೆ, ಆದರೆ ತಮಟೆಯ ಚೂಪಾದ ಪೆಟ್ಟಿನಲ್ಲಿ ಅವು ಬೆರೆಯುವುದಿಲ್ಲ, ಪ್ರತಿ ಹೊಡೆತವೂ ಜೋಡಿಯಾಗಿ ಕೇಳುತ್ತದೆ. ಮೃದಂಗ, ಢೋಲಕ್, ಖಂಜಿರ ನುಡಿಸುವವರಿಗೂ ಇದೇ ಅನುಭವ. ಅವರಿಗೆ ನನ್ನ ಸಲಹೆ ಸರಳವಾಗಿದೆ: ನಿಮ್ಮ ವಾದ್ಯವನ್ನು ಹೆಡ್‌ಫೋನಿನಲ್ಲಿ ಕೇಳುವ ಅಗತ್ಯವೇ ಇಲ್ಲ. ಹಾಡಿನ ಟ್ರ್ಯಾಕ್ ಮತ್ತು ಶ್ರುತಿ ಮಾತ್ರ ಕೇಳಿಸಿಕೊಳ್ಳಿ, ನಿಮ್ಮ ಪೆಟ್ಟು ಗಾಳಿಯಲ್ಲೇ ನಿಮಗೆ ಬರಲಿ.

ಈಗ ತಡ ಹುಟ್ಟುವ ಜಾಗಗಳಿಗೆ ಬರೋಣ. ಮೈಕಿನಿಂದ ಬಂದ ವಿದ್ಯುತ್ ಸಂಕೇತವನ್ನು ಇಂಟರ್‌ಫೇಸ್ ಅಂಕಿಗಳಾಗಿ ಬದಲಿಸುತ್ತದೆ. ಒಂದು ಸೆಕೆಂಡಿಗೆ 44,100 ಅಥವಾ 48,000 ಅಂಕಿಗಳು, ಇವುಗಳಲ್ಲಿ ಒಂದೊಂದಕ್ಕೂ ಸ್ಯಾಂಪಲ್ ಎಂದು ಹೆಸರು. ಈ ಬದಲಾವಣೆಗೂ, ಕೊನೆಯಲ್ಲಿ ಅಂಕಿಗಳನ್ನು ಮತ್ತೆ ದನಿಯಾಗಿಸುವುದಕ್ಕೂ ಸೇರಿ ಹೆಚ್ಚು ಕಡಿಮೆ ಒಂದೆರಡು ಮಿಲಿಸೆಕೆಂಡ್ ಹೋಗುತ್ತದೆ, ಅದರ ಮೇಲೆ ನಮಗೆ ಹಿಡಿತವಿಲ್ಲ. ಯುಎಸ್‌ಬಿ ತಂತಿಯಲ್ಲಿ ಸ್ವಲ್ಪ ಹೋಗುತ್ತದೆ. ನಮ್ಮ ಹಿಡಿತದಲ್ಲಿರುವ ದೊಡ್ಡ ಭಾಗವೆಂದರೆ ಬಫರ್.

ಬಫರನ್ನು ಅರ್ಥ ಮಾಡಿಕೊಳ್ಳಲು ಸೀಟು ತುಂಬಿದ ಮೇಲೆಯೇ ಹೊರಡುವ ಖಾಸಗಿ ಬಸ್ಸನ್ನು ನೆನೆಯಿರಿ. ಮೊದಲು ಹತ್ತಿದ ಪ್ರಯಾಣಿಕ ಕೊನೆಯವನು ಹತ್ತುವವರೆಗೂ ನಿಲ್ದಾಣದಲ್ಲೇ ಕಾಯುತ್ತಾನೆ. ಕಂಪ್ಯೂಟರ್ ಕೂಡ ಸ್ಯಾಂಪಲುಗಳನ್ನು ಒಂದೊಂದಾಗಿ ಸ್ವೀಕರಿಸುವುದಿಲ್ಲ, 128 ಅಥವಾ 256 ಸೇರಿದ ಮೇಲೆ ಒಟ್ಟಿಗೆ ತೆಗೆದುಕೊಳ್ಳುತ್ತದೆ. 48,000ದ ದರದಲ್ಲಿ 64 ಸ್ಯಾಂಪಲಿನ ಬಫರ್ ತುಂಬಲು 1.3 ಮಿಲಿಸೆಕೆಂಡ್ ಬೇಕು, 128ಕ್ಕೆ 2.7, 256ಕ್ಕೆ 5.3, 512ಕ್ಕೆ 10.7, 1024ಕ್ಕೆ 21.3. ಒಳಗೆ ಬರುವಾಗ ಒಂದು ಬಫರ್, ಹೊರಗೆ ಹೋಗುವಾಗ ಇನ್ನೊಂದು, ಆದ್ದರಿಂದ ಈ ಅಂಕಿಗಳನ್ನು ಇಮ್ಮಡಿ ಮಾಡಬೇಕು. ಅದರ ಮೇಲೆ, ಇಂಟರ್‌ಫೇಸನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ತಂತ್ರಾಂಶವಾದ ಡ್ರೈವರ್ ತನ್ನ ಸುರಕ್ಷತೆಗೆಂದು ಇಟ್ಟುಕೊಳ್ಳುವ ಗುಪ್ತ ಬಫರನ್ನೂ, ಪರಿವರ್ತನೆಯ ತಡವನ್ನೂ ಕೂಡಿಸಬೇಕು. 256ರ ಬಫರಿನಲ್ಲಿ ಮೈಕಿನಿಂದ ಹೊರಟ ದನಿ ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೂಲಕ ಹೆಡ್‌ಫೋನಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ 13 ಮಿಲಿಸೆಕೆಂಡ್ ಆಸುಪಾಸು ಆಗಿರುತ್ತದೆ.

ಹಾಗಾದರೆ ಬಫರನ್ನು ಅತಿ ಚಿಕ್ಕದು ಮಾಡಿಬಿಟ್ಟರೆ ಆಯಿತಲ್ಲ ಎಂದು ನೀವು ಕೇಳಬಹುದು. ಒಂದು ಕಂತು ತುಂಬುವ ಹೊತ್ತಿನೊಳಗೆ ಕಂಪ್ಯೂಟರ್ ಹಿಂದಿನ ಕಂತಿನ ಎಲ್ಲ ಕೆಲಸವನ್ನೂ ಮುಗಿಸಿರಬೇಕು: ಎಲ್ಲ ಟ್ರ್ಯಾಕುಗಳು, ದನಿಯನ್ನು ತಿದ್ದಲು ಸಾಫ್ಟ್‌ವೇರಿಗೆ ಸೇರಿಸುವ ಎಲ್ಲ ಪ್ಲಗಿನುಗಳು. 64ರ ಬಫರಿನಲ್ಲಿ ಅದಕ್ಕೆ ಸಿಗುವುದು 1.3 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಲ್ಯಾಪ್‌ಟಾಪಿನ ವೈಫೈ ಡ್ರೈವರ್ ಒಂದು ಕ್ಷಣ ಪ್ರೊಸೆಸರನ್ನು ಹಿಡಿದಿಟ್ಟುಕೊಂಡರೂ ಕಂತು ತಪ್ಪುತ್ತದೆ, ಪಟಪಟ ಎಂಬ ಸದ್ದು ಹಾಡಿನೊಳಗೆ ಮುದ್ರಣವಾಗಿಬಿಡುತ್ತದೆ. ಆ ಸದ್ದನ್ನು ಆಮೇಲೆ ಯಾವ ಪ್ಲಗಿನ್ನೂ ಪೂರ್ತಿ ತೆಗೆಯಲಾರದು. ರೆಕಾರ್ಡಿಂಗ್ ಹೊತ್ತಿನಲ್ಲಿ ವೈಫೈ ಮತ್ತು ಬ್ಲೂಟೂತ್ ಆಫ್ ಮಾಡಿ, ವಿದ್ಯುತ್ ಉಳಿಸುವ ವಿಧಾನವನ್ನು ತೆಗೆದು ಪೂರ್ಣ ಸಾಮರ್ಥ್ಯದ ವಿಧಾನಕ್ಕೆ ಬದಲಿಸಿದರೆ ಹಳೆಯ ಲ್ಯಾಪ್‌ಟಾಪ್ ಕೂಡ ಒಂದು ಹಂತ ಚಿಕ್ಕ ಬಫರನ್ನು ತಾಳಿಕೊಳ್ಳುತ್ತದೆ.

ಡ್ರೈವರಿನ ಬಗ್ಗೆ ಎರಡು ಮಾತು ಸಾಕು. ವಿಂಡೋಸಿನ ಸಾಮಾನ್ಯ ಧ್ವನಿವ್ಯವಸ್ಥೆ ಎಲ್ಲ ಕಾರ್ಯಕ್ರಮಗಳ ಸದ್ದನ್ನೂ ಬೆರೆಸುವುದಕ್ಕಾಗಿ ರೂಪುಗೊಂಡದ್ದು, ಸಂಗೀತದ ಕೆಲಸಕ್ಕೆ ಅದು ನಿಧಾನ. ಅದನ್ನು ದಾಟಿಕೊಂಡು ಸಾಫ್ಟ್‌ವೇರಿಗೂ ಇಂಟರ್‌ಫೇಸಿಗೂ ನೇರ ಸಂಪರ್ಕ ಕೊಡಲು ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಎಎಸ್‌ಐಓ ಎಂಬ ಪದ್ಧತಿಯನ್ನು ತಂದಿತು. ನಿಮ್ಮ ಇಂಟರ್‌ಫೇಸ್ ತಯಾರಕರು ತಮ್ಮದೇ ಎಎಸ್‌ಐಓ ಡ್ರೈವರ್ ಕೊಟ್ಟಿದ್ದರೆ ಅದನ್ನೇ ಹಾಕಿಕೊಳ್ಳಿ. ಎಎಸ್‌ಐಓ4ಆಲ್ ಎಂಬುದು ವಿಂಡೋಸಿನ ಡ್ರೈವರಿನ ಮೇಲೆ ಹೊದಿಸಿದ ಪದರ, ಬೇರೆ ದಾರಿ ಇಲ್ಲದಾಗ ಮಾತ್ರ ಅದು. ಮ್ಯಾಕ್ ಬಳಸುವವರಿಗೆ ಇದೇ ಕೆಲಸ ಮಾಡುವ ಕೋರ್ ಆಡಿಯೋ ಒಳಗೇ ಬರುತ್ತದೆ.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಗಾಯಕರು ತಮ್ಮ ದನಿಯನ್ನು ಕಂಪ್ಯೂಟರಿನ ಮೂಲಕ ಕೇಳಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಇಂದು ಮಾರುಕಟ್ಟೆಯಲ್ಲಿರುವ ಅಗ್ಗದ ಇಂಟರ್‌ಫೇಸುಗಳಲ್ಲೂ ಡೈರೆಕ್ಟ್ ಮಾನಿಟರಿಂಗ್ ಎಂಬ ಸೌಲಭ್ಯವಿದೆ. ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೋ, 2ಐ2 ಮೊದಲಾದವುಗಳಲ್ಲಿ ಅದಕ್ಕೆ ಒಂದು ಸ್ವಿಚ್ಚೇ ಇರುತ್ತದೆ, ಬೇರೆ ಕೆಲವು ಉಪಕರಣಗಳಲ್ಲಿ ಒಂದು ಕಡೆ ಇನ್‌ಪುಟ್, ಇನ್ನೊಂದು ಕಡೆ ಕಂಪ್ಯೂಟರ್ ಎಂದು ಗುರುತಿರುವ ತಿರುಗಣೆ ಇರುತ್ತದೆ. ಅದನ್ನು ಹಾಕಿದಾಗ ಮೈಕಿನ ಸಂಕೇತ ಇಬ್ಭಾಗವಾಗಿ, ಒಂದು ಪಾಲು ರೆಕಾರ್ಡಿಂಗಿಗಾಗಿ ಕಂಪ್ಯೂಟರಿಗೆ ಹೋಗುತ್ತದೆ, ಇನ್ನೊಂದು ಪಾಲು ಇಂಟರ್‌ಫೇಸಿನ ಒಳಗಿನಿಂದಲೇ ಹೆಡ್‌ಫೋನಿಗೆ ತಿರುಗುತ್ತದೆ. ಆ ದಾರಿ ಅನಲಾಗ್ ಆಗಿದ್ದರೆ ತಡವೇ ಇಲ್ಲ, ಒಳಗೆ ಡಿಜಿಟಲ್ ಮಿಕ್ಸರ್ ಇದ್ದರೆ ಒಂದೆರಡು ಮಿಲಿಸೆಕೆಂಡ್. ಬಫರ್ 1024 ಇದ್ದರೂ ಗಾಯಕನಿಗೆ ಅದರ ಪರಿವೆಯೇ ಇರುವುದಿಲ್ಲ.

ಸೌಲಭ್ಯ ಕೈಯಲ್ಲೇ ಇದ್ದರೂ ಅನೇಕರು ಇದನ್ನು ಒಂದು ಸಲ ಹಾಕಿ ನೋಡಿ ಬಿಟ್ಟುಬಿಡುತ್ತಾರೆ, ಅದಕ್ಕೆ ಮೂರು ಕಾರಣಗಳು ನನಗೆ ಕಾಣುತ್ತವೆ. ಡೈರೆಕ್ಟ್ ಸ್ವಿಚ್ ಹಾಕಿ, ಸಾಫ್ಟ್‌ವೇರಿನ ಟ್ರ್ಯಾಕಿನಲ್ಲೂ ಇನ್‌ಪುಟ್ ಮಾನಿಟರ್ ಬಟನ್ ಒತ್ತಿಯೇ ಇದ್ದರೆ ದನಿ ಎರಡೆರಡಾಗಿ ಕೇಳುತ್ತದೆ, ಆಗ ತಪ್ಪು ಸ್ವಿಚ್ಚಿನದೆಂದು ತಿಳಿದು ಅದನ್ನೇ ಆಫ್ ಮಾಡುತ್ತಾರೆ. ಆಫ್ ಮಾಡಬೇಕಾದದ್ದು ಸಾಫ್ಟ್‌ವೇರಿನ ಬಟನ್ನನ್ನು. ಎರಡು ಇನ್‌ಪುಟ್ ಇರುವ ಉಪಕರಣಗಳಲ್ಲಿ ಮೊದಲನೆಯ ಇನ್‌ಪುಟ್ ಎಡಗಿವಿಗೆ ಮಾತ್ರ ಬರುವುದುಂಟು, ಮಾನೋ ಆಯ್ಕೆ ಮಾಡಿದರೆ ಎರಡೂ ಕಿವಿಗೆ ಬರುತ್ತದೆ. ಮೂರನೆಯದು ಬಹಳ ಮುಖ್ಯವಾದ ಕಾರಣ: ನೇರವಾಗಿ ಬರುವ ದನಿ ಅನುರಣನವೇ ಇಲ್ಲದ ಒಣದನಿ. ದೇವಸ್ಥಾನದ ಪ್ರಾಂಗಣದಲ್ಲಿ, ಕೈವಾರದ ಗುರುಪೂರ್ಣಿಮೆಯ ಸಂಗೀತೋತ್ಸವದಂಥ ವೇದಿಕೆಯಲ್ಲಿ, ಧ್ವನಿವರ್ಧಕದ ಅನುರಣನದ ಜೊತೆ ಹಾಡಿ ರೂಢಿಯಾದವರಿಗೆ ಒಣದನಿಯಲ್ಲಿ ಹಾಡಲು ಮನಸ್ಸೇ ಬರುವುದಿಲ್ಲ. ಗಾಯಕ ಅನುರಣನ ಕೇಳಿದರೆ ಅದು ಚಪಲವಲ್ಲ, ಸ್ವರವನ್ನು ಎಷ್ಟು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಆತ ಅದರಿಂದಲೇ ತೀರ್ಮಾನಿಸುತ್ತಾನೆ.

ಇದಕ್ಕೆ ಒಂದು ಸೊಗಸಾದ ಉಪಾಯವಿದೆ. ಡೈರೆಕ್ಟ್ ಮಾನಿಟರಿಂಗ್ ಹಾಕಿಯೇ ಇರಲಿ, ಒಣದನಿ ಆ ದಾರಿಯಲ್ಲಿ ಬರಲಿ. ಸಾಫ್ಟ್‌ವೇರಿನ ಟ್ರ್ಯಾಕಿಗೆ ಅನುರಣನ ಕೂಡಿಸುವ ಒಂದು ರಿವರ್ಬ್ ಪ್ಲಗಿನ್ ಹಾಕಿ, ಅದರಲ್ಲಿ ಒಣದನಿಯ ಪ್ರಮಾಣವನ್ನು ಸೊನ್ನೆಗೆ ಇಳಿಸಿ, ರಿವರ್ಬನ್ನು ನೂರಕ್ಕೆ ನೂರು ಮಾಡಿ, ಆಗ ಮಾತ್ರ ಇನ್‌ಪುಟ್ ಮಾನಿಟರ್ ಬಟನ್ ಒತ್ತಿರಿ. ಈಗ ಕಂಪ್ಯೂಟರಿನಿಂದ ಬರುವುದು ಬರಿಯ ಅನುರಣನ. ಅದು 13 ಅಥವಾ 24 ಮಿಲಿಸೆಕೆಂಡ್ ತಡವಾಗಿ ಬಂದರೆ ಏನೂ ಕೆಡುವುದಿಲ್ಲ, ಏಕೆಂದರೆ ನಿಜವಾದ ಸಭಾಂಗಣದಲ್ಲೂ ಗೋಡೆಗೆ ತಾಗಿ ಮರಳುವ ದನಿ ಅಷ್ಟು ತಡವಾಗಿಯೇ ಬರುತ್ತದೆ. ರಿವರ್ಬ್ ಪ್ಲಗಿನುಗಳಲ್ಲಿ ಪ್ರಿ-ಡಿಲೇ ಎಂಬ ತಿರುಗಣೆಯಿಂದ ನಾವೇ ಬೇಕೆಂದು ಹತ್ತು ಇಪ್ಪತ್ತು ಮಿಲಿಸೆಕೆಂಡ್ ಕೂಡಿಸುವುದುಂಟು, ಇಲ್ಲಿ ಬಫರೇ ಆ ಕೆಲಸವನ್ನು ಮಾಡಿಕೊಡುತ್ತದೆ. ಮುದ್ರಣವಾಗುವುದು ಮಾತ್ರ ಶುದ್ಧ ಒಣದನಿ, ಮಿಶ್ರಣ ಮಾಡುವಾಗ ಬೇಕಾದ ರಿವರ್ಬನ್ನು ಹೊಸದಾಗಿ ಹಾಕಿಕೊಳ್ಳಬಹುದು. ಏಕತಾರಿ ಹಿಡಿದು ತತ್ವಪದ ಹಾಡುವ ಹಿರಿಯರೊಬ್ಬರಿಗೆ ಈ ವ್ಯವಸ್ಥೆ ಮಾಡಿಕೊಟ್ಟಾಗ ಅವರು ಪಲ್ಲವಿ ಮುಗಿದ ಮೇಲೂ ನಿಲ್ಲಿಸದೆ ಚರಣಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹಾಡಿ ಮುಗಿಸಿದರು, ಹಿಂದಿನ ಪ್ರಯತ್ನಗಳಲ್ಲಿ ಅವರು ಎರಡನೇ ಸಾಲಿಗೇ ನಿಂತುಬಿಡುತ್ತಿದ್ದರು.

ಇಲ್ಲಿಯೇ ಇನ್ನೊಂದು ಸಣ್ಣ ಸಂಗತಿ. ನೇರ ದಾರಿಯಲ್ಲೂ ದನಿ ಪೊಳ್ಳಾಗಿ ಕೇಳಿದರೆ ಇಂಟರ್‌ಫೇಸಿನಲ್ಲಿ ಪೊಲ್ಯಾರಿಟಿ, ಅಂದರೆ ದನಿಯ ಅಲೆಯನ್ನು ಮೇಲೆ ಕೆಳಗೆ ತಿರುಗಿಸುವ ಬಟನ್ ಇದೆಯೇ ನೋಡಿ, ಒತ್ತಿ ಹಾಡಿ. ಮೂಳೆಯ ಮೂಲಕ ಬರುವ ದನಿಯೂ ಹೆಡ್‌ಫೋನಿನ ದನಿಯೂ ಒಂದನ್ನೊಂದು ಕಡಿಯುತ್ತಿದ್ದರೆ, ತಿರುಗಿಸಿದಾಗ ಕೂಡಿಕೊಂಡು ದನಿ ತುಂಬಿಕೊಳ್ಳುತ್ತದೆ.

ಆದರೆ ಎಲ್ಲರಿಗೂ ಈ ನೇರ ದಾರಿ ಸಿಗುವುದಿಲ್ಲ. ಕೀಬೋರ್ಡಿನಿಂದ ಸಾಫ್ಟ್‌ವೇರ್ ವಾದ್ಯ ನುಡಿಸುವವರಿಗೆ, ಗಿಟಾರನ್ನು ಆಂಪ್ಲಿಫೈಯರ್ ಪ್ಲಗಿನ್ ಮೂಲಕ ನುಡಿಸುವವರಿಗೆ, ದನಿ ಹುಟ್ಟುವುದೇ ಕಂಪ್ಯೂಟರಿನ ಒಳಗೆ. ಚಿಕ್ಕ ಬಫರ್ ನಿಜವಾಗಿಯೂ ಬೇಕಾದವರು ಇವರೇ. ಕೀಬೋರ್ಡಿನವರಿಗೆ ಒಂದು ಅನುಕೂಲವಿದೆ: ಕೀಲಿ ಒತ್ತಿದ ಸಂಕೇತಕ್ಕೆ ಒಳಬರುವ ಬಫರಿನ ಪೂರ್ತಿ ಹೊರೆ ಇಲ್ಲ, ಮುಖ್ಯವಾಗಿ ಹೊರಹೋಗುವ ದಾರಿಯ ತಡ ಮಾತ್ರ. ಹಾಡಿನ ಕೆಲಸದ ಆರಂಭದಲ್ಲೇ, ಪ್ಲಗಿನುಗಳನ್ನು ಹೇರುವ ಮೊದಲೇ, ಬಫರನ್ನು 64 ಅಥವಾ 128ಕ್ಕೆ ಇಟ್ಟು ನುಡಿಸಿ ಮುಗಿಸಿ, ಮಿಶ್ರಣದ ಹೊತ್ತಿಗೆ 1024ಕ್ಕೆ ಏರಿಸಿ. ಈಗಾಗಲೇ ತುಂಬಿದ ಹಾಡಿಗೆ ಹೊಸದನ್ನು ಸೇರಿಸಬೇಕಾದರೆ ಹಳೆಯ ಟ್ರ್ಯಾಕುಗಳನ್ನೆಲ್ಲ ಒಂದು ಸ್ಟೀರಿಯೋ ಕಡತವಾಗಿ ಹೊರತೆಗೆದು, ಹೊಸ ಖಾಲಿ ಪ್ರಾಜೆಕ್ಟಿನಲ್ಲಿ ಅದನ್ನು ಇಟ್ಟುಕೊಂಡು ನುಡಿಸುವುದು ಅತಿ ಸುಲಭದ ಮಾರ್ಗ.

ಬಫರ್ ಚಿಕ್ಕದಿದ್ದರೂ ತಡ ಕಡಿಮೆಯಾಗದಿದ್ದರೆ ಪ್ಲಗಿನುಗಳನ್ನು ಅನುಮಾನಿಸಿ. ಮುಂದೆ ಬರುವ ಶಬ್ದವನ್ನು ನೋಡಿ ಕೆಲಸ ಮಾಡುವ ಲಿಮಿಟರ್, ಲೀನಿಯರ್ ಫೇಸ್ ಈಕ್ವಲೈಜರ್, ಗದ್ದಲ ತೆಗೆಯುವ ಪ್ಲಗಿನ್, ಇವು ನೂರಾರು, ಕೆಲವೊಮ್ಮೆ ಸಾವಿರಾರು ಸ್ಯಾಂಪಲುಗಳನ್ನು ಹಿಡಿದಿಟ್ಟುಕೊಂಡ ಮೇಲೆಯೇ ಉತ್ತರ ಕೊಡುವಂಥವು. ಎಲ್ಲ ಟ್ರ್ಯಾಕುಗಳೂ ಬಂದು ಕೂಡುವ ಮಾಸ್ಟರ್ ಚಾನಲ್ಲಿನಲ್ಲಿ ಇವುಗಳಲ್ಲಿ ಒಂದಿದ್ದರೂ ಸಾಫ್ಟ್‌ವೇರಿನಿಂದ ಬರುವ ಎಲ್ಲವೂ ಅಷ್ಟು ಹಿಂದೆ ಬೀಳುತ್ತವೆ. ಸ್ಯಾಂಪಲ್ ದರವನ್ನು 96,000ಕ್ಕೆ ಏರಿಸಿದರೆ ಅದೇ ಬಫರ್ ಅರ್ಧ ಹೊತ್ತಿನಲ್ಲಿ ತುಂಬುತ್ತದೆ ಎಂಬುದು ನಿಜ, ಆದರೆ ಪ್ರೊಸೆಸರಿನ ಕೆಲಸ ಇಮ್ಮಡಿಯಾಗುವುದರಿಂದ ಮತ್ತೆ ದೊಡ್ಡ ಬಫರಿಗೇ ಹೋಗಬೇಕಾಗುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಎರಡನೆಯ ತೊಂದರೆಗೆ ಹೋಗುವ ಮುನ್ನ ಸ್ವಲ್ಪ ಹಿಂದಿನ ಕಾಲಕ್ಕೆ ಹೋಗೋಣ, ಏಕೆಂದರೆ ಈ ತೊಂದರೆ ಕಂಪ್ಯೂಟರಿಗಿಂತ ಹಳೆಯದು. ಟೇಪ್ ಯಂತ್ರದಲ್ಲಿ ಮುದ್ರಿಸುವ ಹೆಡ್ ಒಂದು ಕಡೆ, ಕೇಳಿಸುವ ಹೆಡ್ ಅದರಿಂದ ಕೆಲವು ಸೆಂಟಿಮೀಟರ್ ಆಚೆ ಇರುತ್ತಿದ್ದವು. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುವಾಗ ಐದು ಸೆಂಟಿಮೀಟರ್ ಅಂತರವೆಂದರೆ ಸುಮಾರು 130 ಮಿಲಿಸೆಕೆಂಡ್. ಹಳೆಯ ಟ್ರ್ಯಾಕನ್ನು ಕೇಳಿಸುವ ಹೆಡ್ಡಿನಿಂದ ಕೇಳುತ್ತ ಹೊಸದನ್ನು ಮುದ್ರಿಸಿದರೆ ಎರಡೂ ಅಷ್ಟು ದೂರ ಸರಿದು ಕೂರುತ್ತಿದ್ದವು. 1950ರ ದಶಕದಲ್ಲಿ ಆಂಪೆಕ್ಸ್ ಕಂಪನಿಯ ಎಂಜಿನಿಯರುಗಳು ಇದಕ್ಕೆ ಸೆಲ್-ಸಿಂಕ್ ಎಂಬ ಪರಿಹಾರ ಕಂಡುಕೊಂಡರು: ಹಳೆಯ ಟ್ರ್ಯಾಕುಗಳನ್ನು ಮುದ್ರಿಸುವ ಹೆಡ್ಡಿನಿಂದಲೇ ಕೇಳಿಸುವುದು. ದನಿ ಸ್ವಲ್ಪ ಮಸುಕಾಗಿ ಕೇಳಿದರೂ ಹೊಸದೂ ಹಳೆಯದೂ ಟೇಪಿನ ಒಂದೇ ಜಾಗದಲ್ಲಿ ಬೀಳುತ್ತಿದ್ದವು. ಆ ವ್ಯವಸ್ಥೆಯ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಅವರ ಮನೆಗೆ ಬಂತು. ಒಬ್ಬನೇ ಕಲಾವಿದ ಮನೆಯಲ್ಲಿ ಕೂತು ಪದರ ಪದರವಾಗಿ ಸಂಗೀತ ಕಟ್ಟುವ ನಮ್ಮ ಇಂದಿನ ಪದ್ಧತಿಗೆ ಆ ಯಂತ್ರದ ಋಣವಿದೆ.

ಇಂದು ಅದೇ ಕೆಲಸವನ್ನು ಸಾಫ್ಟ್‌ವೇರ್ ಮಾಡುತ್ತದೆ. ಒಳಗೆ ಇಷ್ಟು, ಹೊರಗೆ ಇಷ್ಟು ತಡ ಎಂದು ಡ್ರೈವರ್ ವರದಿ ಕೊಡುತ್ತದೆ, ಸಾಫ್ಟ್‌ವೇರ್ ಆ ಮೊತ್ತದಷ್ಟು ಹೊಸ ಟ್ರ್ಯಾಕನ್ನು ಹಾಡಿನ ಆರಂಭದ ಕಡೆಗೆ ಎಳೆದು ಕೂರಿಸುತ್ತದೆ. ತೊಂದರೆಯೆಂದರೆ ಆ ವರದಿ ಯಾವಾಗಲೂ ಪೂರ್ತಿ ನಿಜವಾಗಿರುವುದಿಲ್ಲ. ನಾನು ಹೇಳಿದ ಗುಪ್ತ ಬಫರ್, ಪರಿವರ್ತನೆಯ ತಡ, ಇವುಗಳಲ್ಲಿ ಕೆಲವು ಲೆಕ್ಕದಿಂದ ಬಿಟ್ಟುಹೋಗಿರುತ್ತವೆ. ಒಂದು ಟ್ರ್ಯಾಕಿಗೆ ಅದು ಗೊತ್ತಾಗದು. ಒಬ್ಬರೇ ನಾಲ್ಕು ತಮಟೆಗಳನ್ನು ಒಂದರ ಮೇಲೊಂದು ನುಡಿಸಿ ತಂಡದ ನಾದ ಕಟ್ಟುತ್ತಿದ್ದಾರೆಂದು ಇಟ್ಟುಕೊಳ್ಳಿ. ತಿದ್ದುಪಡಿಯೇ ಇಲ್ಲದೆ ಪ್ರತಿ ಸಲ 13 ಮಿಲಿಸೆಕೆಂಡ್ ಜಾರಿದರೆ, ಪ್ರತಿಯೊಂದನ್ನೂ ಹಿಂದಿನದನ್ನು ಕೇಳಿಯೇ ನುಡಿಸಿದರೆ, ಎರಡನೆಯದು 13, ಮೂರನೆಯದು 26, ನಾಲ್ಕನೆಯದು 39 ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತದೆ. ನಿಮಿಷಕ್ಕೆ 120 ಎಣಿಕೆಯ ನಡೆಯಲ್ಲಿ ಒಂದು ಎಣಿಕೆಯ ಕಾಲುಭಾಗವೆಂದರೆ 125 ಮಿಲಿಸೆಕೆಂಡ್, ಅದರ ಮೂರನೇ ಒಂದು ಪಾಲು ಆಗಲೇ ಹೋಯಿತು. ಪೆಟ್ಟಿನ ಗಟ್ಟಿತನ ಕರಗಿ ಬರಿಯ ಗದ್ದಲ ಉಳಿಯುತ್ತದೆ, ವಾದಕನ ಕೈಗೆ ಕೆಟ್ಟ ಹೆಸರು ಬರುತ್ತದೆ.

ಅಳೆಯುವುದು ಹೇಗೆಂದು ವಿವರವಾಗಿ ಹೇಳುತ್ತೇನೆ, ಮನೆಗೆ ಹೋಗಿ ನೀವೇ ಮಾಡಿ. ಒಂದು ಕಾಲಿಂಚಿನ ಜ್ಯಾಕ್ ತಂತಿ ಬೇಕು. ಮೊದಲು ಸ್ಪೀಕರ್ ಆಫ್ ಮಾಡಿ, ಮೈಕಿಗೆ ಹೋಗುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ ಆಫ್ ಮಾಡಿ, ಡೈರೆಕ್ಟ್ ಮಾನಿಟರ್ ಆಫ್ ಮಾಡಿ, ಒಳಬರುವ ಸಂಕೇತವನ್ನು ಹಿಗ್ಗಿಸುವ ಗೇನ್ ಪೂರ್ತಿ ಇಳಿಸಿ, ಇನ್‌ಪುಟ್ಟನ್ನು ಲೈನ್ ವಿಧಾನಕ್ಕೆ ಇಡಿ. ಇಂಟರ್‌ಫೇಸಿನ ಹಿಂದಿನ ಔಟ್‌ಪುಟ್ಟಿನಿಂದ ಮುಂದಿನ ಇನ್‌ಪುಟ್ಟಿಗೆ ತಂತಿ ಜೋಡಿಸಿ. ಸಾಫ್ಟ್‌ವೇರಿನ ಮೊದಲ ಟ್ರ್ಯಾಕಿನಲ್ಲಿ ಚೂಪಾದ ಕ್ಲಿಕ್ ಶಬ್ದದ ಕಡತವೊಂದನ್ನು ಇಡಿ. ಎರಡನೇ ಟ್ರ್ಯಾಕಿನಲ್ಲಿ ಇನ್‌ಪುಟ್ ಮಾನಿಟರ್ ಆಫ್ ಮಾಡಿದ್ದೀರೆಂದು ಮತ್ತೊಮ್ಮೆ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ದನಿ ಸುತ್ತು ತಿರುಗಿ ಕಿರುಚುತ್ತದೆ. ಈಗ ರೆಕಾರ್ಡ್ ಮಾಡಿ. ಮೊದಲ ಟ್ರ್ಯಾಕಿನ ಕ್ಲಿಕ್ ಹೊರಗೆ ಹೋಗಿ ತಂತಿಯಲ್ಲಿ ಮರಳಿ ಎರಡನೇ ಟ್ರ್ಯಾಕಿನಲ್ಲಿ ಮುದ್ರಣವಾಗುತ್ತದೆ. ತೆರೆಯನ್ನು ಸ್ಯಾಂಪಲ್ ಮಟ್ಟಕ್ಕೆ ಹಿಗ್ಗಿಸಿ ಎರಡೂ ಕ್ಲಿಕ್ಕುಗಳ ಮೊದಲ ಏರಿಕೆಯನ್ನು ನೋಡಿ. ಎರಡನೆಯದು, ಉದಾಹರಣೆಗೆ, 80 ಸ್ಯಾಂಪಲ್ ಹಿಂದೆ ಇದ್ದರೆ 48,000ದ ದರದಲ್ಲಿ ಅದು 1.67 ಮಿಲಿಸೆಕೆಂಡ್. ಡ್ರೈವರ್ ಲೆಕ್ಕಕ್ಕೆ ತಪ್ಪಿಸಿಕೊಂಡದ್ದು ಅಷ್ಟೇ.

ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವವರು ಆಡಿಯೋ ಆಯ್ಕೆಗಳಲ್ಲಿ ರೆಕಾರ್ಡಿಂಗ್ ಪುಟ ತೆರೆದರೆ ಈ ಅಂಕಿಯನ್ನು ಕೈಯಾರೆ ತುಂಬುವ ಜಾಗವಿದೆ. ಅದನ್ನು ತುಂಬಿ ಮತ್ತೆ ಅದೇ ಪರೀಕ್ಷೆ ಮಾಡಿ, ಎರಡು ಕ್ಲಿಕ್ಕುಗಳು ಒಂದೇ ಗೆರೆಯಲ್ಲಿ ನಿಲ್ಲಬೇಕು, ಇಮ್ಮಡಿ ದೂರ ಹೋಗಿದ್ದರೆ ಚಿಹ್ನೆ ತಿರುಗಿಸಬೇಕೆಂದು ಅರ್ಥ. ಉಚಿತವಾಗಿ ಸಿಗುವ ಆಡಾಸಿಟಿಯನ್ನು ಇಲ್ಲಿ ಅನೇಕ ವಿದ್ಯಾರ್ಥಿಗಳು ಬಳಸುತ್ತೀರಿ, ನಿಮಗೆ ಈ ಪರೀಕ್ಷೆ ಎಲ್ಲರಿಗಿಂತ ಹೆಚ್ಚು ಅಗತ್ಯ. ಅದರ ಲೇಟೆನ್ಸಿ ತಿದ್ದುಪಡಿಯ ಜಾಗದಲ್ಲಿ ಮೊದಲಿನಿಂದಲೇ ಋಣ 130 ಮಿಲಿಸೆಕೆಂಡ್ ಎಂದು ಬರೆದಿರುತ್ತದೆ. ಅದು ಯಾರೋ ಊಹಿಸಿ ಇಟ್ಟ ಸರಾಸರಿ, ನಿಮ್ಮ ಕಂಪ್ಯೂಟರಿನ ಅಳತೆಯಲ್ಲ. ಬಫರ್, ಸ್ಯಾಂಪಲ್ ದರ, ಡ್ರೈವರ್, ಇವುಗಳಲ್ಲಿ ಯಾವುದು ಬದಲಾದರೂ ಅಳತೆಯನ್ನು ಮತ್ತೆ ಮಾಡಬೇಕು.

ಬ್ಲೂಟೂತ್ ಹೆಡ್‌ಫೋನಿನ ಬಗ್ಗೆ ಹೇಳುತ್ತೇನೆಂದಿದ್ದೆ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ದನಿ ಸಂಕುಚಿತಗೊಂಡು, ಗಾಳಿಯಲ್ಲಿ ಸಾಗಿ, ಮತ್ತೆ ಬಿಚ್ಚಿಕೊಳ್ಳುವಷ್ಟರಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆದಿರುತ್ತದೆ. ಮಾತು ಅತಿ ಹೆಚ್ಚು ಕೆಡುತ್ತದೆ ಎಂದು ಆಗ ಹೇಳಿದ ಅಳತೆ ಇದೇ. ಅದನ್ನು ಹಾಕಿಕೊಂಡು ಹಾಡಲು ಕೂತವರಿಗೆ ತಾವು ತಾಳ ತಪ್ಪುವವರೆಂದು ಅನಿಸಿದರೆ ಆಶ್ಚರ್ಯವಿಲ್ಲ. ತಂತಿಯ ಹೆಡ್‌ಫೋನ್ ಎಷ್ಟೇ ಅಗ್ಗದ್ದಾಗಿದ್ದರೂ ಈ ಕೆಲಸಕ್ಕೆ ಅದೇ ಮೇಲು. ಮೊಬೈಲಿನಲ್ಲೇ ಮುದ್ರಿಸುವವರಿಗೂ ಇದು ಅನ್ವಯಿಸುತ್ತದೆ, ಕರೋಕೆ ಕೇಳುತ್ತ ಹಾಡುವಾಗಂತೂ ತಂತಿ ಬಿಟ್ಟು ಬೇರೆ ಯೋಚನೆ ಬೇಡ.

ಸಭೆಯಿಂದ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಒಬ್ಬರು ಚಿಂತಾಮಣಿಯಲ್ಲಿ, ಇನ್ನೊಬ್ಬರು ಗೌರಿಬಿದನೂರಿನಲ್ಲಿ ಕೂತು ಇಂಟರ್ನೆಟ್ ಮೂಲಕ ಒಟ್ಟಿಗೆ ಹಾಡಬಹುದೇ ಎಂದು ಅವರು ಕೇಳಿದರು. ದೂರ ಇಲ್ಲಿ ಅಡ್ಡಿಯಲ್ಲ, ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಸಾಗುತ್ತದೆ. ಆದರೆ ಮನೆಯ ವೈಫೈ, ನಡುವಿನ ರೂಟರುಗಳು, ವಿಡಿಯೋ ಕರೆಯ ಆ್ಯಪುಗಳು ಇಟ್ಟುಕೊಳ್ಳುವ ಬಫರುಗಳು ಸೇರಿ ತಡ ನೂರಾರು ಮಿಲಿಸೆಕೆಂಡಿಗೆ ಹೋಗುತ್ತದೆ. ಜೊತೆಯಾಗಿ ನುಡಿಸುವವರ ನಡುವೆ ತಡ 25 ಮಿಲಿಸೆಕೆಂಡ್ ದಾಟಿದರೆ ಒಬ್ಬರಿಗೊಬ್ಬರು ಕಾಯುತ್ತ ನಡೆ ನಿಧಾನವಾಗುತ್ತ ಹೋಗುತ್ತದೆ. ಆದ್ದರಿಂದ ಒಬ್ಬರು ಮೊದಲು ಇನ್ನೊಬ್ಬರು ಅನುಸರಿಸಲು ಗೈಡ್ ಟ್ರ್ಯಾಕ್ ಹಾಡಿ, ಅದರ ಆರಂಭದಲ್ಲಿ ಎಣಿಕೆಗೆ ಸರಿಯಾಗಿ ಚಪ್ಪಾಳೆ ಮುದ್ರಿಸಿ, ಇನ್ನೊಬ್ಬರಿಗೆ ಕಳುಹಿಸುವುದು ಉತ್ತಮ. ಇಬ್ಬರೂ ತಮ್ಮ ತಮ್ಮ ಉಪಕರಣಗಳನ್ನು ಮೇಲೆ ಹೇಳಿದಂತೆ ಅಳೆದಿರಬೇಕು. ಕಡತವನ್ನು ಸಂಕುಚಿತಗೊಳಿಸದ ವೇವ್ ರೂಪದಲ್ಲೇ ಕಳುಹಿಸಿ, ವಾಟ್ಸಾಪಿನಲ್ಲಾದರೆ ಆಡಿಯೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಎಂಪಿ3 ಮಾಡಿದರೆ ಸಂಕುಚನದ ಕ್ರಮದಿಂದಾಗಿಯೇ ಕಡತದ ಮೊದಲಿಗೆ ಸಾವಿರಕ್ಕೂ ಹೆಚ್ಚು ಸ್ಯಾಂಪಲುಗಳ ಮೌನ ಸೇರಿಕೊಳ್ಳುವುದುಂಟು, 44,100ರ ದರದಲ್ಲಿ ಅದು ಸುಮಾರು 25 ಮಿಲಿಸೆಕೆಂಡ್. ಮರಳಿ ಬಂದ ಟ್ರ್ಯಾಕನ್ನು ಚಪ್ಪಾಳೆಗೆ ಚಪ್ಪಾಳೆ ಹೊಂದಿಸಿ ಕೂರಿಸಿದ ಮೇಲೆಯೇ ಮಿಶ್ರಣಕ್ಕೆ ಕೈ ಹಾಕಿ.